ತೊಳೆದು ಕೊಟ್ಟ ಗಾಡಿ

ನಮ್ಮ ಮಾವನಿಗೆ ಜಗಳ ಆಡಲು ಬರುವುದಿಲ್ಲ. ನನಗೆ ಜಗಳ ಆಡದೆ ಇರಲು ಬರುವುದಿಲ್ಲ. ಆದರೂ ಒಂದೇ ಸೂರಿನಡಿ ಚೆನ್ನಾಗಿಯೇ ಇದ್ದೇವೆ, ಏಕೆಂದರೆ ಅವರ ಪಾಲಿನ ಜಗಳವನ್ನೂ ನಾನೇ ಆಡಿಕೊಡುತ್ತೇನೆ. ಅಂಗಡಿಯವನು ಕೊಳೆತ ಟೊಮೆಟೊ ಹಾಕಿಕೊಟ್ಟರೆ ಅವರು ತೆಪ್ಪಗೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಡುತ್ತಾರೆ. ನಾನು ಚೀಲ ಎತ್ತಿಕೊಂಡು ವಾಪಸ್ಸು ಹೋಗುತ್ತೇನೆ. ಮದುವೆಯಾಗಿ ಬಂದಾಗಿನಿಂದ ಈ ಏರ್ಪಾಡು ಹೀಗೇ ನಡೆದುಬಂದಿದೆ. ಆದರೆ ಆ ಗಾಡಿಯ ವಿಷಯದಲ್ಲಿ ನಾನು ಸರಿಯಾಗಿ ಜಗಳ ಆಡುವಷ್ಟರಲ್ಲಿ ತಡವಾಗಿಬಿಟ್ಟಿತು.

ಮಾವ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವರು. ಮೀಸೆ ಚಿಗುರುವ ಹೊತ್ತಿಗೆ ಸ್ಟೇರಿಂಗ್ ಹಿಡಿದವರು ಅದು ಪೂರ್ತಿ ಬೆಳ್ಳಗಾದ ಮೇಲೆ ಬಿಟ್ಟರು. ಅವರ ಅಂಗೈ ಈಗಲೂ ಚಪ್ಪಲಿಯ ಅಟ್ಟೆಯಷ್ಟು ಗಡುಸು. ಬೆಳಗಿನ ನೂಕುನುಗ್ಗಲಿನ ರಸ್ತೆಯಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಸ್ಸನ್ನು ತೆಗೆಯುತ್ತಿದ್ದರಂತೆ. "ಇವ್ರ ಬಸ್ಸಲ್ಲಿ ನಿಂತ್ಕೊಂಡೇ ನಿದ್ದೆ ಮಾಡಬಹುದಿತ್ತು" ಎಂದು ಅತ್ತೆ ಹೇಳುತ್ತಾರೆ. ಗಂಡನನ್ನು ಹೊಗಳಿ ಅವರ ಬಾಯಿಂದ ಬಂದಿರುವ ಮಾತು ನನಗೆ ತಿಳಿದಂತೆ ಇದೊಂದೇ.

ಮಾವನ ಡಿಪೋದಲ್ಲಿ ಒಂದು ಪದ್ಧತಿ ಇತ್ತು. ಬೆಳಗಿನ ಪಾಳಿಯವನು ಮಧ್ಯಾಹ್ನ ಬಸ್ಸನ್ನು ಮುಂದಿನವನ ಕೈಗೆ ಕೊಡುವ ಮೊದಲು ತೊಳೆದೇ ಕೊಡಬೇಕು. ಹಾಗಂತ ಯಾರೂ ಆಜ್ಞೆ ಮಾಡಿರಲಿಲ್ಲ. ಕೊಳಕು ಬಸ್ಸು ಕೊಟ್ಟವನ ಜೊತೆ ಉಳಿದವರು ಕ್ಯಾಂಟೀನಿನಲ್ಲಿ ಕೂರುತ್ತಿರಲಿಲ್ಲ, ಅಷ್ಟೇ. ಮಾವ ಪೈಪು ಹಿಡಿದು ಚಕ್ರದ ಸಂದಿ, ಬಸ್ಸಿನ ಅಡಿಭಾಗ, ಎಲ್ಲ ಕಡೆಯೂ ನೀರು ಬಿಟ್ಟು, ಗಾಜು ಒರೆಸಿ, ಸೀಟಿನ ಮೇಲಿನ ತಮ್ಮ ಟವೆಲ್ ತೆಗೆದುಕೊಂಡು ಇಳಿಯುತ್ತಿದ್ದರು. ನಿವೃತ್ತಿಯಾದರೂ ಆ ಚಾಳಿ ಹೋಗಲಿಲ್ಲ. ನನ್ನ ಸ್ಕೂಟರನ್ನು ಪಂಕ್ಚರ್ ಹಾಕಿಸಲು ಒಯ್ಯುವಾಗಲೂ ಮೊದಲು ಬಕೆಟ್ ನೀರು ತರುತ್ತಿದ್ದರು.

ನಮ್ಮವರು, ಅಂದರೆ ನನ್ನ ಗಂಡ, ಕೊನೆಗೂ ಮನಸ್ಸು ಮಾಡಿ ಏಳು ಜನ ಕೂರುವ ದೊಡ್ಡ ಗಾಡಿ ಕೊಂಡರು. ಜಾಹೀರಾತಿನಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳು, ನಾಯಿಮರಿ ಎಲ್ಲರೂ ಒಟ್ಟಿಗೆ ಹಲ್ಲು ಬಿಟ್ಟುಕೊಂಡು ಹೋಗುತ್ತಾರಲ್ಲ, ಅಂಥ ಎಸ್‌ಯುವಿ. ನಾದಿನಿ ಇರುವುದು ದೂರದ ಊರಿನಲ್ಲಿ. ಅವಳ ಮನೆಗೆ ಹೋಗಿಬರಲು ಅನುಕೂಲವಾಗಲಿ ಎಂಬುದು ಮುಖ್ಯ ಕಾರಣ. ನಮ್ಮವರಿಗೆ ಆಫೀಸಿನ ವ್ಯಾನು ಬರುತ್ತದೆ, ನನಗೆ ಸ್ಕೂಟರ್ ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲ. ಹಾಗಾಗಿ ಗಾಡಿ ಮಾವನದಾಯಿತು. ಬಾಗಿಲ ಪಕ್ಕ ಅವರೇ ಒಂದು ಮೊಳೆ ಹೊಡೆದು ಕೀಲಿಯನ್ನು ಅದಕ್ಕೆ ನೇತುಹಾಕಿದರು. ಹೋಗುತ್ತಾ ಬರುತ್ತಾ ಅದನ್ನೊಮ್ಮೆ ಮುಟ್ಟಿ ನೋಡುತ್ತಿದ್ದರು. ನಿವೃತ್ತಿಯ ನಂತರ ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿಯೇ ಇರಲಿಲ್ಲ.

ತೊಂದರೆ ಶುರುವಾದದ್ದು ಬೇಸಿಗೆಯಲ್ಲಿ. ನಾದಿನಿಯ ಊರಿಗೆ ಹೊರಟಿದ್ದೆವು. ನೇರವಾದ ಹೆದ್ದಾರಿ, ಸುಡುವ ಬಿಸಿಲು. ಅರ್ಧಕ್ಕಿಂತ ಹೆಚ್ಚು ದಾರಿ ಕಳೆದಿತ್ತು. ಗಾಡಿ ಇದ್ದಕ್ಕಿದ್ದಂತೆ ಪಕ್ಕದ ಸಾಲಿನ ಕಡೆ ವಾಲಿತು. ಹಿಂದಿನಿಂದ ಲಾರಿಯವನು ಕಿವಿ ಹರಿಯುವಂತೆ ಹಾರ್ನ್ ಮಾಡಿದ. ಅತ್ತೆ ಕಿಟಾರನೆ ಕಿರುಚಿದರು. ಮಾವ ಮೆಲ್ಲಗೆ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿ, ಸ್ಟೇರಿಂಗನ್ನೇ ನೋಡುತ್ತಾ ಕುಳಿತರು.

"ಕಚ್ಕೊಳ್ತಾ ಇದೆ" ಎಂದರು.

"ಏನು ಕಚ್ಕೊಳ್ತಾ ಇದೆ?" ಎಂದರು ನಮ್ಮವರು.

"ಸ್ಟೇರಿಂಗು. ನೇರ ಹೋಗ್ತಿರುವಾಗ ಸ್ವಲ್ಪ ತಿರುಗಿಸೋಣ ಅಂದ್ರೆ ಅಲುಗೋದೇ ಇಲ್ಲ. ಜೋರು ಮಾಡಿದ್ರೆ ಪಟ್ ಅಂತ ಬಿಡುತ್ತೆ. ಬಿಟ್ಟಾಗ ಬೇಕಾದ್ದಕ್ಕಿಂತ ಜಾಸ್ತಿ ತಿರುಗಿಬಿಡುತ್ತೆ."

ಊರೊಳಗೆ ಬಂದರೆ ಏನೂ ಇಲ್ಲ. ಹೆದ್ದಾರಿಗೆ ಬಿದ್ದು, ಬಿಸಿಲಿನಲ್ಲಿ ಒಂದಷ್ಟು ದೂರ ಓಡಿದ ಮೇಲೆ ಮತ್ತೆ ಅದೇ ರಾಗ. ವಾಪಸ್ಸು ಬರುವಾಗ ಮಾವನ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಸರ್ವೀಸ್ ಸೆಂಟರಿನಲ್ಲಿ ಗಿರಾಕಿಗಳ ಜೊತೆ ಮಾತಾಡಲೆಂದೇ ಒಬ್ಬನಿದ್ದ. ಅವನ ನಿಜವಾದ ಹೆಸರು ಅಂಗಿಯ ಜೇಬಿನ ಮೇಲೆ ಇತ್ತು. ನಾನು ಅವನಿಗೆ ನಗುಮುಖ ಎಂದು ಹೆಸರಿಟ್ಟೆ. ಗಾಡಿ ಬೆಂಕಿ ಹತ್ತಿ ಉರಿಯುತ್ತಿದೆ ಎಂದರೂ ಅವನು ನಕ್ಕು, "ಕೂತ್ಕೊಳ್ಳಿ ಮೇಡಂ, ಕಾಫಿ ತರಿಸ್ತೀನಿ" ಎನ್ನುವ ಪೈಕಿ. ಗಾಜಿನ ಕೋಣೆ, ಮೈ ನಡುಗಿಸುವ ಎ.ಸಿ., ಹೊಳೆಯುವ ನೆಲ, ಗೋಡೆಯ ಮೇಲೆ ಅದೇ ಹಲ್ಲು ಬಿಟ್ಟ ಜಾಹೀರಾತಿನ ಕುಟುಂಬ. ಮಾವ ಸೋಫಾದ ಅಂಚಿನಲ್ಲಿ ಕೂತು, ಪೇಪರ್ ಕಪ್ಪಿನಲ್ಲಿ ಕಾಫಿ ಕುಡಿದು, ಸ್ಟೇರಿಂಗ್ ಹೇಗೆ ಕಚ್ಚಿಕೊಳ್ಳುತ್ತದೆ ಎಂಬುದನ್ನು ಕೈಯಲ್ಲಿ ಗಾಳಿಯಲ್ಲೇ ತಿರುಗಿಸಿ ತೋರಿಸಿದರು. ನಗುಮುಖ ತಲೆಯಾಡಿಸಿದ. ಗಾಡಿ ತೆಗೆದುಕೊಂಡು ಹೊರಗೆ ಒಂದು ಸುತ್ತು ಹೋಗಿ ಬಂದ.

"ಏನೂ ಪ್ರಾಬ್ಲಂ ಇಲ್ಲ ಸರ್. ಟೈರಲ್ಲಿ ಗಾಳಿ ಸ್ವಲ್ಪ ಹೆಚ್ಚುಕಮ್ಮಿ ಇತ್ತು, ಸರಿ ಮಾಡಿದ್ದೀವಿ."

ಮುಂದಿನ ಸಲ ಅಲೈನ್‌ಮೆಂಟ್ ಎಂದ. ಅದರ ಮುಂದಿನ ಸಲ, ಗಾಡಿ ರಸ್ತೆಯ ಗೆರೆ ದಾಟಿದರೆ ತಾನೇ ಸ್ಟೇರಿಂಗ್ ತಿದ್ದುವ ಸೌಲಭ್ಯ ಇದರಲ್ಲಿದೆ, ಅಪ್ಪಾಜಿಯವರಿಗೆ ಅದರ ಅಭ್ಯಾಸವಿಲ್ಲ ಎಂದ. ಸರಿ, ಆ ಸೌಲಭ್ಯವನ್ನು ಬಂದ್ ಮಾಡಿಸಿಕೊಂಡು ಬಂದೆವು. ಹೆದ್ದಾರಿಯಲ್ಲಿ ಮತ್ತೆ ಕಚ್ಚಿಕೊಂಡಿತು. ಮತ್ತೆ ಹೋದೆವು. ಸಾಫ್ಟ್‌ವೇರ್ ಬದಲಾಯಿಸಿದ್ದೇವೆ ಎಂದ. ಮತ್ತೆ ಕಚ್ಚಿಕೊಂಡಿತು. ಪ್ರತಿ ಸಲವೂ ಅದೇ ಸೋಫಾ, ಅದೇ ಕಾಫಿ, ಅದೇ ಸುತ್ತು, ಅದೇ ಗಿಳಿಪಾಠ: "ನಮಗೇನೂ ಕಾಣಿಸ್ತಿಲ್ಲ ಸರ್." ನನಗೆ ತಲೆ ಚಿಟ್ಟು ಹಿಡಿಯಿತು. ನಾನು ಧ್ವನಿ ಏರಿಸಿದಾಗಲೆಲ್ಲ ಮಾವ ನನ್ನ ಕಡೆ ನೋಡಿ, "ಇರಲಿ ಬಿಡಮ್ಮ, ಪಾಪ, ಅವರೇನು ಮಾಡ್ತಾರೆ" ಎನ್ನುತ್ತಿದ್ದರು.

ಕೊನೆಯ ಸಲ ನಗುಮುಖ ನಮ್ಮವರನ್ನು ಮಾತ್ರ ಪಕ್ಕಕ್ಕೆ ಕರೆದ. ದೊಡ್ಡ ಗುಟ್ಟೇನೂ ಅಲ್ಲ, ಗಾಜಿನ ಗೋಡೆಯಾಚೆ ನಿಂತಿದ್ದ ನನಗೂ ಮಾವನಿಗೂ ಚೆನ್ನಾಗಿಯೇ ಕೇಳಿಸಿತು.

"ತಪ್ಪು ತಿಳ್ಕೋಬೇಡಿ ಸರ್, ಅಪ್ಪಾಜಿಗೆ ಈಗ ವಯಸ್ಸೆಷ್ಟು? ಕೆಲವು ಸಲ ಗಾಡಿ ಸರಿಯಾಗೇ ಇರುತ್ತೆ. ಕೈ ಸ್ವಲ್ಪ..." ಎಂದು ತನ್ನ ಕೈಯನ್ನು ಗಾಳಿಯಲ್ಲಿ ಅಲ್ಲಾಡಿಸಿ ತೋರಿಸಿದ. ತೋರಿಸುವಾಗಲೂ ನಗುತ್ತಲೇ ಇದ್ದ.

ಅವನ ಮೇಲೆ ನನಗೆ ಎಷ್ಟು ಸಿಟ್ಟು ಬಂತೋ ಅದರ ಎರಡರಷ್ಟು ನನ್ನ ಗಂಡನ ಮೇಲೆ ಬಂತು. ಏಕೆಂದರೆ ಇವರು ಎದುರುತ್ತರ ಕೊಡಲಿಲ್ಲ. ಯೋಚಿಸುತ್ತಾ ನಿಂತರು.

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ಮಾವನ ಕೈಯ ಮೇಲೆ. ಅವರು ಪೇಪರ್ ಮಗುಚಿದರೆ ನೋಡುವುದು, ಗುಂಡಿ ಹಾಕಿಕೊಂಡರೆ ನೋಡುವುದು. ನಮ್ಮವರು ನೋಡದವರಂತೆ ನೋಡುತ್ತಿದ್ದರು. ಅತ್ತೆ ನೇರವಾಗಿಯೇ ದಿಟ್ಟಿಸುತ್ತಿದ್ದರು. ಕಾಫಿ ಕೊಟ್ಟಾಗಂತೂ ಕೋಣೆಯಲ್ಲಿ ಮಾತೇ ನಿಂತುಹೋಗುತ್ತಿತ್ತು. ಹಾಗೆ ನಾಲ್ಕು ಕಣ್ಣು ಕಾವಲು ಕೂತರೆ ಯಾರ ಕೈ ನಡುಗುವುದಿಲ್ಲ ಹೇಳಿ. ಒಂದು ದಿನ ಲೋಟ ತುಳುಕಿ ಪಂಚೆಯ ಮೇಲೆ ಬಿತ್ತು. ನಮ್ಮವರು ಅತ್ತೆಯ ಮುಖ ನೋಡಿದರು. ಅದನ್ನು ಮಾವ ನೋಡಿದರು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದೂ ಆಯಿತು. ಡಾಕ್ಟರು ಕೈ ಮುಂದೆ ಚಾಚಿಸಿದರು, ಬೆರಳು ಮುಟ್ಟಿಸಿದರು, ನಡೆಸಿದರು. "ಅಂಥದ್ದೇನೂ ಇಲ್ಲ. ಆದರೂ ವಯಸ್ಸಾಯ್ತಲ್ಲ, ಹೈವೇ ಬೇಡ" ಎಂದರು. ಅಂಥದ್ದೇನೂ ಇಲ್ಲ ಎಂಬುದು ನನಗೆ ಕೇಳಿಸಿತು. ನಮ್ಮವರ ಕಿವಿಗೆ ಬಿದ್ದದ್ದು ಆದರೂ ಎಂಬುದು ಮಾತ್ರ.

ಸಂಜೆ ಮೊಳೆಯ ಮೇಲೆ ಕೀಲಿ ಇರಲಿಲ್ಲ.

"ಎಲ್ಲಿಟ್ರಿ?" ಎಂದೆ.

"ನನ್ನ ಬೀರುವಿನಲ್ಲಿದೆ. ಅಪ್ಪನ ಒಳ್ಳೇದಕ್ಕೇ ಮಾಡ್ತಿರೋದು" ಎಂದರು.

"ನೀವೊಂದು ಸಲ ಹೈವೇಲಿ ಓಡಿಸಿ ನೋಡಿ. ಆಮೇಲೆ ಅಪ್ಪನ ಕೈ ನೋಡುವಿರಂತೆ."

"ನಾನು ಓಡಿಸಿದ್ದೀನಲ್ಲ, ಏನೂ ಆಗಿಲ್ಲ."

ಇವರು ಓಡಿಸಿದ್ದು ಭಾನುವಾರ, ಮಾರ್ಕೆಟ್ಟಿಗೆ. ಅಷ್ಟು ದೂರಕ್ಕೆ ಎಂಜಿನ್ನಿಗೆ ಎಚ್ಚರವೂ ಆಗುವುದಿಲ್ಲ. ಹೇಳಿದರೆ, ನಿನ್ನ ಹತ್ತಿರ ಯಾರು ಬಾಯಿ ಕೊಡ್ತಾರೆ ಎಂದು ಟಿ.ವಿ. ಹಾಕಿದರು. ನಾದಿನಿಯ ಊರಿಗೆ ರೈಲಿನಲ್ಲಿ ಹೋಗಿಬಂದೆವು. ದೊಡ್ಡ ಗಾಡಿ ಮನೆಯ ಮುಂದೆ ಧೂಳು ತಿನ್ನುತ್ತಾ ನಿಂತಿತು.

ಮಾವ ಕೀಲಿ ಎಲ್ಲಿ ಎಂದು ಕೇಳಲೂ ಇಲ್ಲ. ಅವರಿಗೆ ಜಗಳ ಬರುವುದಿಲ್ಲ ಎಂದೆನಲ್ಲ. ಆದರೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಲು ಶುರು ಮಾಡಿದರು, ಚಿಕ್ಕ ಮಕ್ಕಳು ಹಿಡಿಯುವ ಹಾಗೆ. "ಅರ್ಧ ಲೋಟ ಸಾಕಮ್ಮ" ಎನ್ನುತ್ತಿದ್ದರು. ಮೊದಲು ಎರಡು ಸಲ ಕೇಳಿ ಕುಡಿಯುತ್ತಿದ್ದ ಮನುಷ್ಯ. ಒಂದು ಮಧ್ಯಾಹ್ನ ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ, ಅವರು ಅಂಗಳದ ಗೋಡೆಯ ಹತ್ತಿರ ನಿಂತು, ಕೈಯೆರಡನ್ನೂ ಮುಂದೆ ಚಾಚಿ, ಬೆರಳುಗಳನ್ನೇ ನೋಡುತ್ತಿದ್ದುದು ಕಂಡಿತು. ಎಷ್ಟೋ ಹೊತ್ತು ಹಾಗೇ ನಿಂತಿದ್ದರು. ಅವರಿಗೇ ಅನುಮಾನ ಹತ್ತಿತ್ತು. ಅಷ್ಟು ವರ್ಷ ಊರಿನ ಜನರನ್ನೆಲ್ಲ ನಿಂತಲ್ಲೇ ನಿದ್ದೆ ಮಾಡಿಸಿದ ಕೈಯನ್ನು ಅವರೇ ನಂಬುತ್ತಿರಲಿಲ್ಲ.

ಅಷ್ಟರಲ್ಲಿ ಗಾಡಿಯ ಮಾಮೂಲಿ ಸರ್ವೀಸಿನ ಗಡುವು ಬಂತು. ನಮ್ಮವರಿಗೆ ಆಫೀಸಿನಲ್ಲಿ ಬಿಡುವಿರಲಿಲ್ಲ. ಬೆಳಗ್ಗೆ ಹೊರಡುವಾಗ ಕೀಲಿ ತೆಗೆದು ಅಪ್ಪನ ಕೈಗೆ ಕೊಟ್ಟು, ಶಾಲೆಗೆ ಹೋಗುವ ಮಗುವಿಗೆ ಹೇಳಿದಂತೆ ಹೇಳಿದರು: "ಊರೊಳಗಿನ ದಾರೀಲೇ ಹೋಗಿ. ಬೈಪಾಸ್ ಬೇಡ. ನಿಧಾನ. ಇವಳೂ ಜೊತೇಲಿ ಬರ್ತಾಳೆ."

ಮಾವ ಕೀಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ನಾನು ಸೀರೆ ಬದಲಾಯಿಸಿ ಹೊರಗೆ ಬರುವಷ್ಟರಲ್ಲಿ ಅವರು ಪಂಚೆ ಮೇಲೆ ಕಟ್ಟಿ, ಬಾನೆಟ್ ಎತ್ತಿ, ಪೈಪಿನ ಬಾಯಿಗೆ ಬೆರಳು ಒತ್ತಿ ನೀರು ಚಿಮ್ಮಿಸುತ್ತಿದ್ದರು. ಮುಂದಿನ ಚಕ್ರಗಳ ಸಂದಿ, ಅಡಿಭಾಗ, ಒಂದನ್ನೂ ಬಿಡಲಿಲ್ಲ.

"ಅವರೇ ತೊಳೀತಾರಲ್ಲ ಮಾವ, ನೀವ್ಯಾಕೆ ಒದ್ದಾಡ್ತೀರಿ?"

"ಇನ್ನೊಬ್ಬರ ಕೈಗೆ ಕೊಡೋ ಗಾಡಿ ಕೊಳಕಾಗಿರಬಾರದಮ್ಮ. ಪ್ರತಿ ಸಲ ತೊಳೆದೇ ಕೊಟ್ಟಿರೋದು. ಮೈ ತಣ್ಣಗಾದ್ರೆ ಗಾಡಿಗೂ ಆರಾಮ. ನೋಡು, ತೊಳೆದ ಮೇಲೆ ಎಷ್ಟು ಹಗುರವಾಗಿ ತಿರುಗುತ್ತೆ."

ನಾನು ಅಲ್ಲೇ ನಿಂತುಬಿಟ್ಟೆ. ಪ್ರತಿ ಸಲ ತೊಳೆದೇ ಕೊಟ್ಟಿರೋದು. ಕಚ್ಚಿಕೊಂಡದ್ದೆಲ್ಲ ಬಿಸಿಲಿನಲ್ಲಿ ಓಡಿ ಓಡಿ ಗಾಡಿ ಕಾದ ಮೇಲೆ. ನಾವು ಮನೆಗೆ ಬರುತ್ತೇವೆ, ರಾತ್ರಿಯಿಡೀ ಗಾಡಿ ನಿಲ್ಲುತ್ತದೆ, ಬೆಳಗ್ಗೆ ಮಾವ ಅದಕ್ಕೆ ತಣ್ಣೀರು ಹೊಯ್ಯುತ್ತಾರೆ, ಆಮೇಲೆ ಒಯ್ದು ನಗುಮುಖನಿಗೆ ಕೊಡುತ್ತೇವೆ. ಅಲ್ಲಿ ಗೇಟಿನೊಳಗೆ ಹೋದ ತಕ್ಷಣ ಅವರೂ ಒಂದು ಸಲ ತೊಳೆಯುತ್ತಾರೆ. ಜ್ವರ ಬಂದವರನ್ನು ಮಲಗಿಸಿ, ಜ್ವರ ಇಳಿಸಿ, ಆಮೇಲೆ ಡಾಕ್ಟರಿಗೆ ತೋರಿಸಿದ ಹಾಗೆ. ಅವನಿಗೇನು ಮಣ್ಣು ಕಾಣಿಸುತ್ತದೆ!

"ಮಾವ, ನೀರು ನಿಲ್ಲಿಸಿ. ನಡೀರಿ, ಹೈವೇಗೆ ಹೋಗೋಣ" ಎಂದೆ.

ಅವರು ಬಾಯಿ ಬಿಟ್ಟುಕೊಂಡು ನೋಡಿದರು. ನಾನು ವಿವರಿಸಿದೆ. ಕೇಳಿಸಿಕೊಂಡರು. ನಂಬಿದರೋ ಇಲ್ಲವೋ, ಗೊತ್ತಿಲ್ಲ. "ಅವನು ಬೈಪಾಸ್ ಬೇಡ ಅಂದಿದ್ದಾನೆ" ಎಂದರು.

"ಅವರಿಗೆ ನಾನು ಉತ್ತರ ಹೇಳ್ಕೋತೀನಿ."

"ನನ್ನ ಕೈಯೇ ಆಗಿದ್ರೆ?"

ಹೋಗಿ ಗಾಡಿಯಲ್ಲಿ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವರೂ ಬಂದು ಕುಳಿತರು.

ಬಿಸಿಲೇರುವವರೆಗೂ ಓಡಿಸಿದೆವು. ಎಡಗಡೆಯ ಸಾಲಿನಲ್ಲೇ, ಹಿಂದೆ ಮುಂದೆ ಜಾಗ ಬಿಟ್ಟುಕೊಂಡು. ಗಾಡಿಗೆ ಧೂಳು ಮೆತ್ತಿತು. ಗಾಜಿಗೆ ಹುಳುಗಳು ಬಡಿದು ಅಂಟಿಕೊಂಡವು. ಡೀಸೆಲ್ ಹಾಕಿಸಲು ನಿಲ್ಲಿಸಿದಾಗ ಮಾವನ ಕೈ ತಾನಾಗಿಯೇ ಸೀಟಿನ ಕೆಳಗಿನ ಒರೆಸುವ ಬಟ್ಟೆಗೆ ಹೋಯಿತು. ನಾನು ಅದನ್ನು ಕಿತ್ತುಕೊಂಡು ನನ್ನ ಬ್ಯಾಗಿನಲ್ಲಿ ತುರುಕಿದೆ. "ಗಾಜಾದ್ರೂ ಒರೆಸ್ತೀನಿ ತಾಯಿ, ಮರ್ಯಾದೆ ಪ್ರಶ್ನೆ" ಎಂದು ಗೋಗರೆದರು. ನನಗೆ ನಗುವೂ ಬಂತು, ಅಳುವೂ ಬಂತು.

ತಿರುಗಿ ಬರುವ ದಾರಿಯಲ್ಲಿ ಸ್ಟೇರಿಂಗ್ ಕಚ್ಚಿಕೊಂಡಿತು. ಮಾವ ವೇಗ ತಗ್ಗಿಸಿ ಸಂಭಾಳಿಸಿದರು.

"ಈಗ ಬಂತು" ಎಂದರು.

ಎಂಜಿನ್ ಆರಿಸದೆ ಸೀದಾ ಸರ್ವೀಸ್ ಸೆಂಟರಿನ ಗೇಟಿಗೆ ನುಗ್ಗಿದೆವು. ನಾನೆಣಿಸಿದಂತೆಯೇ ತೊಳೆಯುವವನು ಪೈಪು ಹಿಡಿದು ಮುಂದೆ ಬಂದ. ನಾನು ಕೆಳಗಿಳಿದು ಬಾನೆಟ್ಟಿನ ಮುಂದೆ ಎರಡೂ ಕೈ ಅಗಲಿಸಿ ನಿಂತೆ.

"ಒಂದು ಹನಿ ನೀರು ಬಿದ್ರೆ ನೋಡು!"

ನಗುಮುಖ ಓಡಿಬಂದ. "ಮೇಡಂ, ಕೂತ್ಕೊಳ್ಳಿ, ಕಾಫಿ..."

"ನಿಮ್ಮ ಕಾಫಿ ಕುಡಿದು ಕುಡಿದು ನಾಲಿಗೆ ಸತ್ತುಹೋಗಿದೆ. ಈಗ ಹತ್ತಿ. ನೀವೇ ಓಡಿಸಿ, ಈಗಲೇ, ಬೈಪಾಸಿಗೆ."

ಅವನು ಗಾಡಿಯ ಮೇಲಿನ ಧೂಳು ನೋಡಿದ, ತನ್ನ ಇಸ್ತ್ರಿ ಮಾಡಿದ ಪ್ಯಾಂಟು ನೋಡಿದ. ಕಾಯುತ್ತಿದ್ದ ಗಿರಾಕಿಗಳು ಗಾಜಿನ ಗೋಡೆಗೆ ಮೂಗು ಒತ್ತಿ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಹತ್ತಿದ. ಮಾವ ಪಕ್ಕದ ಸೀಟಿನಲ್ಲಿ, ನಾನು ಹಿಂದೆ. "ಕ್ಷಮಿಸಿಪ್ಪ, ಗಾಡಿ ಸ್ವಲ್ಪ ಕೊಳೆಯಾಗಿದೆ" ಎಂದರು ಮಾವ. ಆ ಹೊತ್ತಿನಲ್ಲೂ!

ಬೈಪಾಸಿನಲ್ಲಿ ಮೊದಲು ಏನೂ ಆಗಲಿಲ್ಲ. ನಗುಮುಖನ ತುಟಿಯ ಮೇಲೆ ನಗು ಮೆಲ್ಲಗೆ ವಾಪಸ್ಸು ಬಂತು. "ನೋಡಿ ಮೇಡಂ, ಬೆಣ್ಣೆ ಥರ..." ಎನ್ನುತ್ತಿದ್ದಂತೆ ಗಾಡಿ ಗೆರೆಯ ಕಡೆ ಸರಿಯಿತು. ಅವನು ತಿದ್ದಲು ಹೋದ. ಸ್ಟೇರಿಂಗ್ ಅಲುಗಲಿಲ್ಲ. ಜೋರಾಗಿ ಎಳೆದ. ಪಟ್ ಎಂದು ಬಿಟ್ಟಿತು, ಗಾಡಿ ಅತ್ತ ವಾಲಿತು.

"ಅಯ್ಯೋ!" ಎಂದ.

"ಗಾಬರಿ ಬೇಡ. ಆ್ಯಕ್ಸಿಲರೇಟರ್ ಬಿಡಿ. ಮೆಲ್ಲಗೆ ಬದಿಗೆ ತನ್ನಿ" ಎಂದರು ಮಾವ.

ಬದಿಗೆ ನಿಲ್ಲಿಸಿದ. ಅವನ ಹಣೆಯ ಮೇಲೆ ಬೆವರು. ನಗು ಎಲ್ಲೂ ಇರಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ನೋಡದೆ ಹೇಳಿದ: "ಇದು... ಬೇರೆ ಓನರ್‌ಗಳೂ ಹೇಳಿದ್ದಾರೆ ಮೇಡಂ. ಈ ಮಾಡೆಲ್‌ನಲ್ಲಿ ಸ್ಟೇರಿಂಗ್ ಬಾಕ್ಸ್ ಬಿಸಿಯಾದ್ರೆ ಹೀಗಾಗುತ್ತೆ ಅಂತ ಕಂಪನಿಗೂ ಗೊತ್ತು. ನಮ್ಮ ಟೆಸ್ಟಲ್ಲಿ ಕಾಣಿಸಿದ್ರೆ ಮಾತ್ರ ಬದಲಾಯಿಸಿ ಅಂದಿದ್ದಾರೆ. ನಿಮ್ಮ ಗಾಡೀಲಿ ಕಾಣಿಸ್ಲೇ ಇಲ್ಲ."

ಗೊತ್ತಿತ್ತು! ಗೊತ್ತಿದ್ದೂ ಇವನು ನನ್ನ ಮಾವನ ವಯಸ್ಸು ಕೇಳಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು. ಅಷ್ಟು ದಿನದಿಂದ ಕೂಡಿಟ್ಟದ್ದನ್ನೆಲ್ಲ ಒಟ್ಟಿಗೆ ಅವನ ತಲೆಯ ಮೇಲೆ ಸುರಿಯಲು ಬಾಯಿ ತೆರೆದೆ. ಮಾವ ಕೈ ಎತ್ತಿ ನನ್ನನ್ನು ತಡೆದರು.

"ಹಾಗಾದ್ರೆ ನನ್ನ ಕೈ ಅಲ್ವಾ?" ಎಂದು ಅವನನ್ನು ಕೇಳಿದರು.

"ಅಲ್ಲ ಸರ್."

"ಇದನ್ನ ನನ್ನ ಮಗನಿಗೆ ಫೋನ್ ಮಾಡಿ ಹೇಳ್ತೀರಾ?"

ನಗುಮುಖ ಫೋನ್ ಮಾಡಿದ. "ಸರ್, ನಿಮ್ಮ ವಾಹನದಲ್ಲಿ ಒಂದು ಚಿಕ್ಕ ಬಿಡಿಭಾಗ ಬದಲಾಯಿಸಬೇಕಾಗಿದೆ, ವಾರಂಟಿಯಲ್ಲೇ..." ಎಂದು ಶುರು ಮಾಡಿದ.

"ಕೈ ವಿಷಯ ಹೇಳಿ" ಎಂದರು ಮಾವ.

ಅವನು, "ಅಪ್ಪಾಜಿ ಕೈಯಲ್ಲಿ ಏನೂ ತೊಂದರೆ ಇಲ್ಲ ಸರ್. ತೊಂದರೆ ಗಾಡೀದೇ" ಎಂದ. ನನ್ನ ಮಾವ ತಮ್ಮ ಜೀವಮಾನದಲ್ಲಿ ಆಡಿದ ಜಗಳ ಅಷ್ಟೇ.

ಬಿಡಿಭಾಗ ಸ್ಟಾಕ್ ಇಲ್ಲ, ಬರಬೇಕು, ಬಂದಿದೆ, ತಪ್ಪು ಬಂದಿದೆ ಎಂದು ಇನ್ನಷ್ಟು ಸತಾಯಿಸಿ ಕೊನೆಗೂ ಹೊಸ ಸ್ಟೇರಿಂಗ್ ಬಾಕ್ಸ್ ಹಾಕಿಕೊಟ್ಟರು. ಈಗ ಎಷ್ಟು ದೂರ ಹೋದರೂ, ಎಂಥ ಬಿಸಿಲಾದರೂ ಕಚ್ಚಿಕೊಳ್ಳುವುದಿಲ್ಲ. ಕೀಲಿ ಮತ್ತೆ ಮೊಳೆಗೆ ಬಂದಿದೆ. ಅದನ್ನು ನೇತುಹಾಕಿದ್ದು ನಮ್ಮವರೇ. ಕ್ಷಮಿಸಿ ಎನ್ನಲು ಇವರಿಗೆ ಬಾಯಿ ಬರುವುದಿಲ್ಲ. ಅದರ ಬದಲು ಒಂದು ಭಾನುವಾರ ಬೆಳಗ್ಗೆ ಅಡುಗೆಮನೆಗೆ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ, ತಾವೇ ಕಾಫಿ ಮಾಡಿದರು. ದೊಡ್ಡ ಲೋಟ ಹುಡುಕಿ, ಅಂಚಿನವರೆಗೂ ತುಂಬಿಸಿ, ಮೆಲ್ಲಗೆ ನಡೆದು ಒಯ್ದು ಅಪ್ಪನ ಮುಂದೆ ಹಿಡಿದರು.

"ಇಷ್ಟೊಂದು ಯಾಕಪ್ಪ" ಎಂದರು ಮಾವ. ಪೇಪರನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಎರಡೂ ಕೈ ಚಾಚಿ, ಲೋಟವನ್ನು ಎರಡೂ ಅಂಗೈಗಳ ನಡುವೆ ಬಿಗಿಯಾಗಿ ಹಿಡಿದು, ಯಾರ ಮುಖವನ್ನೂ ನೋಡದೆ ಕುಡಿದರು. ನಮ್ಮವರು ಅಲ್ಲೇ ನಿಂತಿದ್ದರು.

ಈಗಲೂ ಅವರು ಹಾಗೆಯೇ ಹಿಡಿಯುತ್ತಾರೆ. ಸ್ಟೇರಿಂಗಿಗೆ ವಾರಂಟಿ ಇತ್ತು, ಬದಲಾಯಿಸಿಕೊಟ್ಟರು. ಇದಕ್ಕೆ ಯಾರ ಹತ್ತಿರ ಹೋಗಿ ಜಗಳ ಆಡಲಿ?